ನೀರುದೋಸೆಯ ಮೂರು ನಿಮಿಷ: ವಿಡಿಯೋ ಎಡಿಟಿಂಗ್ ಮೊದಲಿಂದ ಕಲಿಯುವುದು ಹೇಗೆ

ಎಡಿಟಿಂಗ್ ಕಲಿಯಬೇಕು ಅಂತ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವ ಸಾಫ್ಟ್‌ವೇರ್? ಎರಡನೆಯದು, ಎಫೆಕ್ಟ್ ಹಾಕುವುದು ಹೇಗೆ? ಶಬ್ದದ ಬಗ್ಗೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ ಬಿಡಿ. ಉಡುಪಿಯಲ್ಲಿ ಕೂತು ಮದುವೆ, ಯಕ್ಷಗಾನ, ಅಡುಗೆ ಅಂತ ವರ್ಷಗಟ್ಟಲೆ ಕತ್ತರಿ ಆಡಿಸಿದ ಮೇಲೆ ಗೊತ್ತಾಗಿದ್ದು ಇಷ್ಟು: ಈ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಕಿವಿಯದ್ದು. ಗುಂಡಿಗಳು ಒಂದು ವಾರದಲ್ಲಿ ಕೈಗೆ ಕೂರುತ್ತವೆ. ಎಲ್ಲಿ ಕತ್ತರಿಸಬೇಕು ಅನ್ನುವುದು ಮಾತ್ರ ಕೇಳಿ ಕೇಳಿಯೇ ಬರುವುದು.

ಆದ್ದರಿಂದ ಇಲ್ಲಿ ಹತ್ತು ವಿಷಯ ಸುತ್ತುವುದು ಬೇಡ. ಒಂದೇ ಒಂದು ವಿಡಿಯೋ ಮಾಡೋಣ. ಮನೆಯಲ್ಲಿ ಯಾರಾದರೂ ನೀರುದೋಸೆ ಎರೆಯುವುದು, ಮೂರು ನಿಮಿಷ. ನೀರುದೋಸೆಯೇ ಯಾಕೆ ಅಂದರೆ, ಅದಕ್ಕೆ ಶುರು ಉಂಟು, ನಡು ಉಂಟು, ಕೊನೆ ಉಂಟು. ಒಳ್ಳೆಯ ಶಬ್ದ ಉಂಟು. ಇವತ್ತು ಶೂಟ್ ಕೆಟ್ಟರೆ ನಾಳೆ ಬೆಳಿಗ್ಗೆ ಮತ್ತೆ ಮಾಡಬಹುದು, ಮದುವೆಯ ಧಾರೆಯನ್ನು ಇನ್ನೊಮ್ಮೆ ಎರೆಯಿರಿ ಅನ್ನಲು ಆಗುವುದಿಲ್ಲವಲ್ಲ.

ನಾನ್-ಲೀನಿಯರ್ ಅಂದರೆ ಎಂತ?

ಟೇಪ್ ಕಾಲದ ಎಡಿಟಿಂಗ್ ಅಂದರೆ ಮಲ್ಲಿಗೆ ಕಟ್ಟಿದ ಹಾಗೆ. ಶಂಕರಪುರದ ಕಡೆ ಹೋದವರು ನೋಡಿರುತ್ತೀರಿ, ಬಾಳೆನಾರಿನಲ್ಲಿ ಮೊಗ್ಗುಗಳನ್ನು ಒಂದರ ಹಿಂದೆ ಒಂದು ಕಟ್ಟುತ್ತಾ ಹೋಗುತ್ತಾರೆ. ನಡುವೆ ಒಂದು ಮೊಗ್ಗು ಸರಿ ಇಲ್ಲ, ಅಲ್ಲಿ ಇನ್ನೂ ನಾಲ್ಕು ಸೇರಿಸಬೇಕು ಅಂತ ಆಮೇಲೆ ಅನಿಸಿದರೆ ಅಲ್ಲಿಯವರೆಗೆ ಬಿಚ್ಚಿ ಮತ್ತೆ ಕಟ್ಟಬೇಕು. ಎರಡು ವಿಸಿಆರ್ ಇಟ್ಟುಕೊಂಡು ಒಂದು ಟೇಪಿನಿಂದ ಇನ್ನೊಂದಕ್ಕೆ ನಕಲು ಮಾಡುವುದೂ ಹೀಗೇ ಇತ್ತು. ಅಷ್ಟೇ ಉದ್ದದ ಬೇರೆ ದೃಶ್ಯವನ್ನು ಮೇಲೆ ಬರೆಯಬಹುದಿತ್ತು, ಆದರೆ ಉದ್ದ ಬದಲಾದರೆ ಅಲ್ಲಿಂದ ಮುಂದಿನದ್ದೆಲ್ಲ ಮತ್ತೆ ಮಾಡಬೇಕು. ಮಾಡಿದಷ್ಟು ಸಲ ನಕಲಿನ ನಕಲು ಮಸುಕಾಗುತ್ತಾ ಹೋಗುತ್ತಿತ್ತು.

ಈಗ ಕಂಪ್ಯೂಟರಿನಲ್ಲಿ ಮಾಡುವುದು ನಾನ್-ಲೀನಿಯರ್, ಅದರಲ್ಲಿ ಹಾಗಿಲ್ಲ. ಯಾವ ತುಂಡನ್ನು ಬೇಕಾದರೂ ಯಾವಾಗ ಬೇಕಾದರೂ ಎತ್ತಿ ಎಲ್ಲಿ ಬೇಕಾದರೂ ಇಡಬಹುದು, ಉಳಿದವು ತಾವಾಗಿ ಸರಿದು ಜಾಗ ಕೊಡುತ್ತವೆ. ಈ ಯೋಚನೆ ಹಳೆಯದು, ಸಿಎಂಎಕ್ಸ್ 600 ಅನ್ನುವ ಯಂತ್ರ ಬಂದದ್ದು 1971ರಲ್ಲಿ. ಡಿಜಿಟಲ್ ಆಗಿ ಇದು ಸ್ಟುಡಿಯೋಗಳಿಗೆ ಕಾಲಿಟ್ಟಿದ್ದು 1989ರಲ್ಲಿ ಆವಿಡ್ ಅನ್ನುವ ಎಡಿಟಿಂಗ್ ವ್ಯವಸ್ಥೆ ಬಂದ ಮೇಲೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ನೀವು ಟೈಮ್‌ಲೈನಿನಲ್ಲಿ, ಅಂದರೆ ತುಂಡುಗಳನ್ನು ಸಾಲಾಗಿ ಜೋಡಿಸುವ ಜಾಗದಲ್ಲಿ, ಕತ್ತರಿಸುವುದು ನಿಮ್ಮ ವಿಡಿಯೋ ಫೈಲನ್ನಲ್ಲ. ಮೂಲ ಫೈಲು ಇದ್ದಲ್ಲೇ, ಇದ್ದ ಹಾಗೇ ಇರುತ್ತದೆ. ಸಾಫ್ಟ್‌ವೇರ್ ಬರೆದಿಟ್ಟುಕೊಳ್ಳುವುದು ಬರೀ ಒಂದು ಪಟ್ಟಿ: ಈ ಫೋಲ್ಡರಿನ ಈ ಫೈಲಿನಲ್ಲಿ 12ನೇ ಸೆಕೆಂಡಿನಿಂದ 15ರವರೆಗೆ, ಆಮೇಲೆ ಆ ಫೈಲಿನಲ್ಲಿ 40ರಿಂದ 44ರವರೆಗೆ. ಹಾಗಾಗಿ ಹೆದರದೆ ಕತ್ತರಿಸಿ. ಹಾಗೆಯೇ ಮೂಲ ಫೈಲು ಕಳೆದರೆ ಆ ಪಟ್ಟಿಗೆ ಮೂರು ಕಾಸಿನ ಬೆಲೆ ಇಲ್ಲ. ಇದು ಗೊತ್ತಿಲ್ಲದೆ ನಾನು ಒಮ್ಮೆ ಬರೀ ಆ ಪಟ್ಟಿ ಇರುವ ಪ್ರಾಜೆಕ್ಟ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ಸು ಹತ್ತಿ ಮಂಗಳೂರಿಗೆ ಹೋಗಿ, ಗೆಳೆಯನ ಕಂಪ್ಯೂಟರಿನಲ್ಲಿ ತೆರೆದರೆ, ಮೇಲಿಂದ ಕೆಳಗೆ ಎಲ್ಲ ಕೆಂಪು. ಪ್ರತಿ ಕ್ಲಿಪ್ಪಿನ ಮೇಲೂ 'ಮೀಡಿಯಾ ಆಫ್‌ಲೈನ್'. ನಾನು ಒಯ್ದದ್ದು 90 ಎಂಬಿ, ಬೇಕಿದ್ದದ್ದು 90 ಜಿಬಿ. ಊಟ ಮಾಡಿ ವಾಪಸ್ ಬಂದೆ.

ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಸುಮಾರಾದ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಹಾಕಿಕೊಳ್ಳಿ. ಅದು ವಾಟರ್‌ಮಾರ್ಕ್ ಹಾಕುವುದು ದುಡ್ಡು ಕೊಟ್ಟವರಿಗಷ್ಟೇ ಇರುವ ಎಫೆಕ್ಟ್ ಬಳಸಿದಾಗ ಮಾತ್ರ, ಬೇರೆಯದಕ್ಕೆ ಇಲ್ಲ. ಹಳೆಯ ಲ್ಯಾಪ್‌ಟಾಪ್, 8 ಜಿಬಿ ಅಂತಾದರೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್. ಎರಡೂ ಮುಕ್ತ ತಂತ್ರಾಂಶ, ಎರಡೂ ಪೂರ್ತಿ ಉಚಿತ. ಲಿನಕ್ಸ್ ಬಳಸುವವರು ಒಂದು ವಿಷಯ ನೋಡಿಕೊಳ್ಳಿ: ಅಲ್ಲಿ ರಿಸಾಲ್ವ್‌ನ ಉಚಿತ ಆವೃತ್ತಿ ಫೋನಿನ ಸಾಮಾನ್ಯ ಎಚ್.264 ಫೈಲನ್ನು ತೆರೆಯುವುದಿಲ್ಲ, ಆದ್ದರಿಂದ ಕೆಡೆನ್‌ಲೈವ್ ಸುಲಭ. ಪ್ರೀಮಿಯರ್ ಪ್ರೋಗೆ ತಿಂಗಳ ಬಾಡಿಗೆ ಕೊಡುತ್ತಾ ಇರಬೇಕು, ಫೈನಲ್ ಕಟ್ ಆಪಲ್‌ನವರದ್ದು, ವಿಂಡೋಸಿನಲ್ಲಿ ಇಲ್ಲ.

ಒಂದನ್ನು ಕಲಿತರೆ ಇನ್ನೊಂದು ಎರಡು ದಿನದಲ್ಲಿ ಬರುತ್ತದೆ. ಗುಂಡಿಯ ಜಾಗ ಬೇರೆ, ಒಳಗಿನ ಕೆಲಸ ಒಂದೇ. ನಾನು ಕೆಳಗೆ ಹೇಳುವ ಕೀಗಳು ರಿಸಾಲ್ವ್‌ನವು.

ಇನ್ನೊಂದು, ಮಳೆಗಾಲ. ಜೂನ್ ಬಂತು ಅಂದರೆ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ ಹೇಳಲಿಕ್ಕಾಗದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಯಾವುದೇ ಸಾಫ್ಟ್‌ವೇರ್ ಹಾಕಿದ ಕೂಡಲೇ ಸೆಟ್ಟಿಂಗಿನಲ್ಲಿ ಆಟೋಸೇವ್ ಮತ್ತು ಬ್ಯಾಕಪ್ ಆನ್ ಆಗಿದೆಯಾ ನೋಡಿ. ಕ್ಯಾಮೆರಾ ಲೆನ್ಸಿಗೂ ಆ ತಿಂಗಳುಗಳಲ್ಲಿ ಬೂಸ್ಟು ಹಿಡಿಯುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಶೂಟ್ ಮಾಡುವಾಗಲೇ ಎಡಿಟಿಂಗ್ ಶುರು

ಫೋನ್ ಸಾಕು. ಅಡ್ಡ ಹಿಡಿಯಿರಿ. 1080ಪಿ ಸಾಕು, 4ಕೆ ಈಗ ಬೇಡ. ಲೆಕ್ಕ ನೋಡಿ: 4ಕೆ ಫೈಲು ಸೆಕೆಂಡಿಗೆ 100 ಮೆಗಾಬಿಟ್ ಅಂತಾದರೆ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. 1080ಪಿ ಸುಮಾರು 20 ಮೆಗಾಬಿಟ್ಟಿನಲ್ಲಿ ಗಂಟೆಗೆ 9 ಜಿಬಿ.

ಫ್ರೇಮ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು, ಒಂದನ್ನು ಹಿಡಿದು ಕೊನೆಯವರೆಗೆ ಅದನ್ನೇ ಇಟ್ಟುಕೊಳ್ಳಿ. ನಮ್ಮ ಟಿವಿ ಪದ್ಧತಿಯದ್ದು 25, ಕರೆಂಟು 50 ಹರ್ಟ್ಸ್, ಎರಡಕ್ಕೂ ಹೊಂದಾಣಿಕೆ ಉಂಟು. ಫೋನಿನಲ್ಲಿ 25 ಇಲ್ಲದಿದ್ದರೆ 30 ಇರಲಿ, ಟೈಮ್‌ಲೈನೂ 30 ಮಾಡಿ. ಪ್ರೋ ಮೋಡ್ ಇದ್ದರೆ ಶಟರ್ 1/50 ಅಥವಾ 1/100ಕ್ಕೆ ಇಡಿ, ಇಲ್ಲದಿದ್ದರೆ ಅಡುಗೆಮನೆಯ ಟ್ಯೂಬ್‌ಲೈಟು ವಿಡಿಯೋದಲ್ಲಿ ಪಟಪಟ ಮಿನುಗುತ್ತದೆ. ಅದನ್ನು ಆಮೇಲೆ ಸರಿಮಾಡುವುದು ದೊಡ್ಡ ಕಷ್ಟ.

ಈಗ ಏನೇನು ತೆಗೆಯಬೇಕು. ನೆನೆದ ಬೆಳ್ತಿಗೆ ಅಕ್ಕಿ ತೊಳೆಯುವುದು. ರುಬ್ಬುವುದು. ಹಿಟ್ಟಿಗೆ ನೀರು ಹಾಕಿ ತೆಳು ಮಾಡುವುದು. ಕಾವಲಿ ಕಾಯುವುದು. ಸೌಟಿನಲ್ಲಿ ಎರೆಯುವುದು. ಮುಚ್ಚುವುದು. ತೆಗೆದು ನಾಲ್ಕು ಮಡಿಕೆ ಮಾಡಿ ತಟ್ಟೆಗೆ ಹಾಕುವುದು. ಪ್ರತಿಯೊಂದನ್ನೂ ಮೂರು ದೂರದಿಂದ ತೆಗೆಯಿರಿ: ಇಡೀ ಅಡುಗೆಮನೆ ಕಾಣುವಂತೆ ಒಂದು, ಸೊಂಟದಿಂದ ಮೇಲೆ ಒಂದು, ಕೈ ಮತ್ತು ಕಾವಲಿ ಮಾತ್ರ ಒಂದು. ಒಂದೇ ದೋಸೆಗೆ ಮೂರೂ ಆಗದು, ಮೂರು ದೋಸೆ ಎರೆಯಲಿ. ಅಮ್ಮ "ಇನ್ನು ಎಷ್ಟು ಸಲ ಮಾರಾಯಾ" ಅಂದಾಗ ಇನ್ನೊಂದು ಎರೆಸಿ. ಪ್ರತಿ ಶಾಟ್ ಶುರುವಿನಲ್ಲೂ ಕೊನೆಯಲ್ಲೂ ಐದು ಸೆಕೆಂಡ್ ಸುಮ್ನೆ ಬಿಡಿ. ಆ ಐದು ಸೆಕೆಂಡ್ ಇಲ್ಲದ್ದಕ್ಕೆ ನಾನು ಎಷ್ಟು ಸಲ ತಲೆ ಚಚ್ಚಿಕೊಂಡಿದ್ದೇನೆ ಲೆಕ್ಕ ಇಲ್ಲ.

ಎಲ್ಲ ಮುಗಿದ ಮೇಲೆ ಯಾರೂ ಮಾತಾಡದೆ, ಏನೂ ಮಾಡದೆ, ಅಡುಗೆಮನೆಯ ಶಬ್ದವನ್ನು ಒಂದು ನಿಮಿಷ ರೆಕಾರ್ಡ್ ಮಾಡಿ. ಫ್ರಿಜ್ಜಿನ ಗುಂಯ್, ಹೊರಗಿನ ಕಾಗೆ, ಹಂಚಿನ ಮೇಲೆ ಮಳೆ. ಇದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಫೋಲ್ಡರ್, ಫೈಲು

ಬೇಜಾರಿನ ಕೆಲಸ. ಹತ್ತು ನಿಮಿಷ ಸಾಕು. ಒಂದು ದೊಡ್ಡ ಫೋಲ್ಡರ್, ಹೆಸರು '2025-07 ನೀರುದೋಸೆ' ಅಂತ ಏನಾದರೂ. ಅದರೊಳಗೆ ವಿಡಿಯೋ, ಆಡಿಯೋ, ಸಂಗೀತ, ಟೈಟಲ್, ಪ್ರಾಜೆಕ್ಟ್, ಔಟ್‌ಪುಟ್. ಫೋನಿನಿಂದ ಎಲ್ಲವನ್ನೂ ಕೇಬಲ್ ಹಾಕಿ ಇದರೊಳಗೆ ಹಾಕಿದ ಮೇಲೆ ಮಾತ್ರ ಸಾಫ್ಟ್‌ವೇರ್ ತೆರೆಯಿರಿ. ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಂಡರೆ ಅದು ಹಿಂಡಿ ಹಿಪ್ಪೆ ಮಾಡಿ ಕೊಡುತ್ತದೆ. ಒಮ್ಮೆ ಇಂಪೋರ್ಟ್ ಆದ ಮೇಲೆ ಫೈಲಿನ ಹೆಸರು ಬದಲಿಸಬೇಡಿ, ಜಾಗ ಬದಲಿಸಬೇಡಿ. ಇನ್ನೊಂದು ನಕಲು ಬೇರೆ ಡ್ರೈವಿನಲ್ಲಿ ಇರಲಿ.

ಫೋನಿನ ಫೈಲುಗಳಿಗೆ ಒಂದು ಕಾಯಿಲೆ ಉಂಟು. ಫ್ರೇಮ್‌ರೇಟ್ 30 ಅಂತ ಹೇಳಿಕೊಂಡರೂ ಒಮ್ಮೆ 29, ಒಮ್ಮೆ 30.5 ಅಂತ ಏರಿಳಿಯುತ್ತದೆ. ಉದ್ದದ ಕ್ಲಿಪ್ಪಿನಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುವುದು ಇದರಿಂದಲೇ. ಹಾಗಾದರೆ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಒಮ್ಮೆ ಬದಲಿಸಿಕೊಂಡು, ಆ ಹೊಸ ಫೈಲನ್ನೇ ಎಡಿಟಿಂಗಿಗೆ ತೆಗೆದುಕೊಳ್ಳಿ.

ಪ್ರಾಜೆಕ್ಟ್ ತೆರೆದ ಮೊದಲ ಐದು ನಿಮಿಷ

ಏನೂ ಒಳಗೆ ಹಾಕುವ ಮೊದಲು ಪ್ರಾಜೆಕ್ಟ್ ಸೆಟ್ಟಿಂಗಿಗೆ ಹೋಗಿ ಫ್ರೇಮ್‌ರೇಟನ್ನು ಶೂಟ್ ಮಾಡಿದಷ್ಟಕ್ಕೆ ಇಡಿ. ರಿಸಾಲ್ವ್‌ನಲ್ಲಿ ಆಮೇಲೆ ಇದನ್ನು ಬದಲಿಸಲು ಬಿಡುವುದಿಲ್ಲ. ರೆಸಲ್ಯೂಶನ್ 1920×1080.

ಪ್ಲೇ ಮಾಡುವಾಗ ತಡೆತಡೆದು ಓಡಿದರೆ ಪ್ರಾಕ್ಸಿ ಮಾಡಿಕೊಳ್ಳಿ. ಪ್ರಾಕ್ಸಿ ಅಂದರೆ ಅದೇ ಕ್ಲಿಪ್ಪಿನ ಹಗುರ ನಕಲು. ಕೆಲಸ ನಕಲಿನ ಮೇಲೆ, ಕೊನೆಗೆ ಹೊರಗೆ ಬರುವುದು ಮೂಲದಿಂದ. ಹಳೆಯ ಲ್ಯಾಪ್‌ಟಾಪಿನವರಿಗೆ ಇದು ವರ.

ಪರದೆಯ ಮೇಲೆ ನಾಲ್ಕು ಜಾಗ ಗುರುತಿಸಿಕೊಂಡರೆ ಸಾಕು. ಕ್ಲಿಪ್ಪುಗಳ ಡಬ್ಬಿ, ಒಂದು ಕ್ಲಿಪ್ಪನ್ನು ಬಿಡಿಯಾಗಿ ನೋಡುವ ಕಿಟಕಿ, ಕಟ್ಟಿದ್ದನ್ನು ನೋಡುವ ಕಿಟಕಿ, ಕೆಳಗೆ ಟೈಮ್‌ಲೈನ್. ಉಳಿದದ್ದೆಲ್ಲ ಮುಚ್ಚಿಡಿ. ರಿಸಾಲ್ವ್‌ನ ಕೆಳಗಡೆ ಏಳು ಪುಟಗಳ ಗುಂಡಿ ಇದೆ, ಸದ್ಯ ನಿಮಗೆ ಬೇಕಾದ್ದು ಎಡಿಟ್ ಪುಟ ಒಂದೇ.

ನೋಡಿ, ಆರಿಸಿ

ಇಲ್ಲಿ ಹೊಸಬರು ತಪ್ಪುತ್ತಾರೆ. ಎಲ್ಲ ಕ್ಲಿಪ್ಪನ್ನೂ ಎಳೆದು ಟೈಮ್‌ಲೈನಿಗೆ ಸುರಿದು, ಬ್ಲೇಡ್ ಹಿಡಿದು ಕಚಕಚ ಕತ್ತರಿಸಲು ಕೂರುತ್ತಾರೆ. ಹಾಗೆ ಮಾಡಬೇಡಿ. ಮೊದಲು ಎಲ್ಲವನ್ನೂ ನೋಡಿ, ಪೂರ್ತಿ, ಒಂದು ಪುಸ್ತಕ ಪೆನ್ನು ಹಿಡಿದು. ಇಪ್ಪತ್ತು ನಿಮಿಷ ಶೂಟ್ ಮಾಡಿದ್ದರೆ ಇಪ್ಪತ್ತು ನಿಮಿಷ ನೋಡಿ. ಎಲ್ಲಿ ನಿಮಗೇ ಗೊತ್ತಿಲ್ಲದೆ ನಗು ಬಂತೋ, ಎಲ್ಲಿ ಹಿಟ್ಟು ಬೀಳುವ ಶಬ್ದ ಚೆಂದ ಬಂತೋ, ಅದನ್ನು ಬರೆದುಕೊಳ್ಳಿ. ಮೊದಲ ಸಲ ನೋಡುವಾಗಿನ ಕಣ್ಣು ಮತ್ತೆ ಸಿಗುವುದಿಲ್ಲ, ಇಪ್ಪತ್ತನೇ ಸಲ ನೋಡುವಾಗ ನಿಮಗೆ ಏನೂ ಚೆಂದ ಕಾಣುವುದಿಲ್ಲ.

ನೋಡುವಾಗ ಎಡಗೈ ಕೀಬೋರ್ಡಿನ ಮೇಲೆ ಇರಲಿ. ಎಲ್ ಒತ್ತಿದರೆ ಮುಂದೆ, ಜೆ ಒತ್ತಿದರೆ ಹಿಂದೆ, ಕೆ ಒತ್ತಿದರೆ ನಿಲ್ಲುತ್ತದೆ. ಎಲ್ ಎರಡು ಸಲ ಒತ್ತಿದರೆ ದುಪ್ಪಟ್ಟು ವೇಗ. ಬೇಕಾದ ತುಂಡು ಶುರುವಾಗುವಲ್ಲಿ ಐ, ಮುಗಿಯುವಲ್ಲಿ ಓ. ಆಮೇಲೆ ಎಫ್9 ಒತ್ತಿದರೆ ಆ ತುಂಡು ಟೈಮ್‌ಲೈನಿಗೆ ಹೋಗಿ, ಮುಂದಿನದ್ದನ್ನು ಪಕ್ಕಕ್ಕೆ ಸರಿಸಿ ಕೂರುತ್ತದೆ. ಎಫ್10 ಒತ್ತಿದರೆ ಇದ್ದದ್ದರ ಮೇಲೆಯೇ ಕೂರುತ್ತದೆ. ಮೊದಲನೆಯದು ಇನ್ಸರ್ಟ್, ಎರಡನೆಯದು ಓವರ್‌ರೈಟ್. ಬಸ್ಸಿನ ಸೀಟಿನಲ್ಲಿ ಸ್ವಲ್ಪ ಸರಿಯಿರಿ ಅಂತ ಕೂರುವುದಕ್ಕೂ ಟವೆಲ್ ಎತ್ತಿ ಬಿಸಾಡಿ ಕೂರುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಇಡೀ ಕಥೆ ಹೀಗೆ ಕ್ರಮವಾಗಿ ಕೂತರೆ ಅದು ಒರಟು ಕಟ್. ಐದಾರು ನಿಮಿಷ ಆಗುತ್ತದೆ. ನೋಡಲು ಘೋರವಾಗಿರುತ್ತದೆ. ಎಲ್ಲರದ್ದೂ ಹಾಗೇ ಇರುತ್ತದೆ.

ಕೆತ್ತುವುದು

ಈಗ ಐದು ನಿಮಿಷವನ್ನು ಮೂರಕ್ಕೆ ಇಳಿಸಬೇಕು. ಕಂಟ್ರೋಲ್ ಬಿ ಒತ್ತಿದರೆ, ಈಗ ಎಲ್ಲಿದ್ದೀರಿ ಅಂತ ಟೈಮ್‌ಲೈನಿನಲ್ಲಿ ತೋರಿಸುವ ಕೆಂಪು ಗೆರೆ ನಿಂತಲ್ಲಿ ಕ್ಲಿಪ್ ಎರಡಾಗುತ್ತದೆ. ಬೇಡದ್ದನ್ನು ಆರಿಸಿ ಬ್ಯಾಕ್‌ಸ್ಪೇಸ್ ಒತ್ತಿದರೆ ಹೋಗಿ ಖಾಲಿ ಜಾಗ ಉಳಿಯುತ್ತದೆ. ಡಿಲೀಟ್ ಒತ್ತಿದರೆ ಖಾಲಿ ಜಾಗವೂ ಮುಚ್ಚಿಕೊಳ್ಳುತ್ತದೆ, ಇದೇ ರಿಪಲ್ ಡಿಲೀಟ್. ಮೊದಲ ದಿನ ಈ ಎರಡು ಗುಂಡಿಯ ವ್ಯತ್ಯಾಸ ಕೈಗೆ ಹತ್ತಿದರೆ ಅರ್ಧ ಕೆಲಸ ಕಲಿತ ಹಾಗೆ.

ಟ್ರಿಮ್, ಅಂದರೆ ಕೂತ ಶಾಟನ್ನು ಸಣ್ಣಗೆ ಹೊಂದಿಸುವುದು, ಅದರಲ್ಲಿ ನಾಲ್ಕು ಬಗೆ. ರಿಪಲ್ ಅಂದರೆ ಒಂದು ಶಾಟನ್ನು ಉದ್ದ ಗಿಡ್ಡ ಮಾಡುವುದು, ಇಡೀ ವಿಡಿಯೋದ ಉದ್ದವೂ ಅದರ ಜೊತೆ ಬದಲಾಗುತ್ತದೆ. ರೋಲ್ ಅಂದರೆ ಎರಡು ಶಾಟಿನ ನಡುವಿನ ಬೇಲಿಯನ್ನು ಆಚೀಚೆ ಮಾಡುವುದು, ಒಂದು ಬೆಳೆದಷ್ಟು ಇನ್ನೊಂದು ಕುಗ್ಗುತ್ತದೆ. ಸ್ಲೈಡ್ ಸದ್ಯ ಬಿಡಿ. ನನಗೆ ತುಂಬಾ ಇಷ್ಟದ್ದು ಸ್ಲಿಪ್: ಶಾಟ್ ಇದ್ದ ಜಾಗ ಹಾಗೇ, ಉದ್ದ ಹಾಗೇ, ಒಳಗಿನ ಕ್ಷಣ ಮಾತ್ರ ಬದಲಾಗುತ್ತದೆ. ಎರಡು ಸೆಕೆಂಡಿನ ಶಾಟಿನಲ್ಲಿ ಸೌಟು ಬರುವಷ್ಟರಲ್ಲಿ ಶಾಟೇ ಮುಗಿದರೆ, ಟಿ ಒತ್ತಿ ಟ್ರಿಮ್ ಮೋಡಿಗೆ ಹೋಗಿ ಕ್ಲಿಪ್ಪಿನ ಮೇಲ್ಭಾಗ ಹಿಡಿದು ಸ್ವಲ್ಪ ಎಳೆಯಿರಿ, ಸೌಟು ಸರಿಯಾದ ಹೊತ್ತಿಗೆ ಬಂದು ನಿಲ್ಲುತ್ತದೆ.

ಒಂದು ಶಾಟಿನಿಂದ ಇನ್ನೊಂದಕ್ಕೆ ಎಲ್ಲಿ ಹಾರಬೇಕು? ಕೈ ಓಡುತ್ತಿರುವಾಗ. ದೂರದ ಶಾಟಿನಲ್ಲಿ ಅಮ್ಮ ಸೌಟು ಎತ್ತುತ್ತಾರೆ, ಸೌಟು ಅರ್ಧ ದಾರಿಯಲ್ಲಿ ಇರುವಾಗಲೇ ಕತ್ತರಿಸಿ, ಹತ್ತಿರದ ಶಾಟಿನಲ್ಲಿ ಸೌಟು ಉಳಿದ ಅರ್ಧ ದಾರಿ ಬಂದು ಕಾವಲಿ ಮುಟ್ಟಲಿ. ಎರಡೂ ಬೇರೆ ಬೇರೆ ದೋಸೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಕಣ್ಣು ಸೌಟಿನ ಹಿಂದೆ ಓಡುತ್ತಿರುತ್ತದೆ. ಸೌಟು ಸುಮ್ನೆ ನಿಂತಿರುವಾಗ ಕತ್ತರಿಸಿದರೆ ಟಕ್ ಅಂತ ತಲೆಗೆ ಬಡಿದ ಹಾಗೆ ಕಾಣುತ್ತದೆ. ಹೊಂದದಿದ್ದರೆ ಎರಡು ಫ್ರೇಮ್ ಹಿಂದೆ, ಮೂರು ಫ್ರೇಮ್ ಮುಂದೆ ಮಾಡಿ ನೋಡಿ. 25ರಲ್ಲಿ ಒಂದು ಫ್ರೇಮ್ ಅಂದರೆ ಸೆಕೆಂಡಿನ 25ನೇ ಒಂದು ಪಾಲು, ಆದರೂ ವ್ಯತ್ಯಾಸ ಕಾಣುತ್ತದೆ.

ಡಿಸಾಲ್ವ್, ಪೇಜ್ ಟರ್ನ್, ಹೃದಯದ ಆಕಾರದಲ್ಲಿ ತೆರೆದುಕೊಳ್ಳುವುದು ಇವು ಯಾವುದೂ ಬೇಡ. ಮೊದಲ ಮೂರು ತಿಂಗಳು ನೇರ ಕಟ್ ಮಾತ್ರ. ಮದುವೆ ಕ್ಯಾಸೆಟ್ಟಿನಲ್ಲಿ ವರನ ಮುಖ ತಾವರೆಯೊಳಗಿಂದ ಮೂಡಿ ಬರುತ್ತಿತ್ತಲ್ಲ, ಅದನ್ನು ನೋಡಿ ಬೆಳೆದವರು ನಾವು, ಕೈ ತುರಿಸುತ್ತದೆ ನಿಜ. ತಡೆದುಕೊಳ್ಳಿ.

ಶಬ್ದ

ಈಗ ಬಂದೆವು ವಿಷಯಕ್ಕೆ. ಒಂದು ಪ್ರಯೋಗ ಮಾಡಿ. ನಿಮ್ಮ ಒರಟು ಕಟ್ ಹಾಕಿ ಕಣ್ಣು ಮುಚ್ಚಿ ಕೇಳಿ. ಪ್ರತಿ ಕತ್ತರಿಯಲ್ಲೂ ಶಬ್ದ ಹಾರುತ್ತದೆ ಅಲ್ವಾ? ಒಂದು ಶಾಟಿನಲ್ಲಿ ಜೋರು ಮಳೆ, ಇನ್ನೊಂದರಲ್ಲಿ ಮಳೆ ನಿಂತಿದೆ, ಮತ್ತೊಂದರಲ್ಲಿ ಮಳೆ ಜೊತೆ ಪಕ್ಕದ ಮನೆಯ ಟಿವಿ. ಚಿತ್ರದಲ್ಲಿ ಒಂದು ದೋಸೆ, ಶಬ್ದದಲ್ಲಿ ಮೂರು ದಿನ.

ಇದಕ್ಕೇ ಆ ಒಂದು ನಿಮಿಷದ ಸುಮ್ನೆ ರೆಕಾರ್ಡಿಂಗ್ ಬೇಕಿದ್ದದ್ದು. ಅದನ್ನು ಕೆಳಗಿನ ಒಂದು ಟ್ರ್ಯಾಕಿನಲ್ಲಿ ಶುರುವಿನಿಂದ ಕೊನೆಯವರೆಗೆ ಹಾಸಿ. ಸಾಲದಿದ್ದರೆ ನಕಲು ಮಾಡಿ ಸೇರಿಸಿ, ಸೇರುವಲ್ಲಿ ಒಂದು ಸೆಕೆಂಡ್ ಕ್ರಾಸ್‌ಫೇಡ್ ಹಾಕಿ, ಅಂದರೆ ಒಂದು ಇಳಿಯುತ್ತಾ ಇನ್ನೊಂದು ಏರಲಿ. ಮೇಲಿನ ಕ್ಲಿಪ್ಪುಗಳ ಶಬ್ದವನ್ನು ಇಳಿಸಿ, ಬೇಕಾದ ಶಬ್ದ ಇರುವಲ್ಲಿ ಮಾತ್ರ ಎತ್ತಿ. ಹಂಚಿನ ಮೇಲಿನ ಮಳೆ ಒಂದೇ ಸಮ ಸುರಿಯುತ್ತಾ ಇದ್ದರೆ ಕೇಳುವವರು ಇಡೀ ವಿಡಿಯೋವನ್ನು ಒಂದೇ ಬೆಳಗಿನದ್ದು ಅಂತ ನಂಬುತ್ತಾರೆ. ಪ್ರತಿ ಕತ್ತರಿಯಲ್ಲಿ ಎರಡು ಮೂರು ಫ್ರೇಮಿನ ಸಣ್ಣ ಫೇಡ್ ಹಾಕಿದರೆ ಟಪ್ ಅನ್ನುವ ಸದ್ದೂ ಹೋಗುತ್ತದೆ.

ಆಮೇಲೆ ಜೆ ಕಟ್. ಹಿಟ್ಟು ಕಾವಲಿಗೆ ಬಿದ್ದಾಗ ಚೊಂಯ್ ಅನ್ನುತ್ತದಲ್ಲ, ಆ ಶಬ್ದವನ್ನು ಅದರ ಚಿತ್ರಕ್ಕಿಂತ ಮೊದಲೇ ತನ್ನಿ. ಅಂದರೆ ಪರದೆಯ ಮೇಲೆ ಅಮ್ಮನ ಮುಖವೇ ಇದೆ, ಹಿಂದಿನಿಂದ ಚೊಂಯ್ ಕೇಳಿಸಿತು, ನೋಡುವವರು ಏನದು ಅಂತ ಬಗ್ಗುವಷ್ಟರಲ್ಲಿ ಕಾವಲಿ ಕಾಣಿಸಿತು. ಮಾಡುವುದು ಹೇಗೆ ಅಂದರೆ, ಚಿತ್ರ ಮತ್ತು ಶಬ್ದದ ನಡುವಿನ ಕೊಂಡಿ ಬಿಡಿಸಿ, ಅಂದರೆ ಕ್ಲಿಪ್ ಆರಿಸಿ ಅನ್‌ಲಿಂಕ್ ಮಾಡಿ, ಕಾವಲಿ ಶಾಟಿನ ಚಿತ್ರದ ಎಡ ಅಂಚನ್ನು ಮಾತ್ರ ಹತ್ತು ಫ್ರೇಮ್ ಬಲಕ್ಕೆ ತಳ್ಳಿ, ಹಿಂದಿನ ಶಾಟಿನ ಚಿತ್ರವನ್ನು ಅಷ್ಟೇ ಬೆಳೆಸಿ. ಟೈಮ್‌ಲೈನಿನಲ್ಲಿ ಆ ಕ್ಲಿಪ್ ಇಂಗ್ಲಿಷಿನ ಜೆ ಅಕ್ಷರದ ಹಾಗೆ ಕಾಣುವುದರಿಂದ ಆ ಹೆಸರು. ಇದರ ಉಲ್ಟಾ ಎಲ್ ಕಟ್: ಚಿತ್ರ ಮುಂದೆ ಹೋಯಿತು, ಹಳೆಯ ಶಾಟಿನ ಮಾತು ಇನ್ನೂ ಕೇಳುತ್ತಿದೆ. "ನೀರು ಜಾಸ್ತಿ ಆದರೆ ಹರಿಯುತ್ತದೆ, ಕಡಿಮೆ ಆದರೆ ದಪ್ಪ ಆಗುತ್ತದೆ" ಅಂತ ಅಮ್ಮ ಹೇಳುತ್ತಿರುವಾಗ ಅವರ ಮುಖದ ಬದಲು ಹಿಟ್ಟಿನ ಪಾತ್ರೆ ತೋರಿಸುವುದು. ಮಾತಾಡುವವರ ಮುಖವನ್ನೇ ಇಡೀ ಹೊತ್ತು ನೋಡುವುದು ಯಾರಿಗೆ ಬೇಕು ಹೇಳಿ.

ಮಟ್ಟದ ಲೆಕ್ಕ: ಮೀಟರಿನಲ್ಲಿ ಮಾತು ಸರಿಸುಮಾರು ಮೈನಸ್ 12 ಡೆಸಿಬೆಲ್ ಆಸುಪಾಸು ಆಡುತ್ತಿರಲಿ, ಜೋರಾದಾಗಲೂ ಮೈನಸ್ 6 ದಾಟದಿರಲಿ. ಸೊನ್ನೆ ಮುಟ್ಟಿದರೆ ಒಡೆಯುತ್ತದೆ, ಒಡೆದದ್ದು ಸರಿಯಾಗದು. ಮಾತಿನ ಟ್ರ್ಯಾಕಿಗೆ 80 ಹರ್ಟ್ಸ್‌ನ ಕೆಳಗಿನದ್ದು ತೆಗೆಯುವ ಲೋ ಕಟ್ ಹಾಕಿದರೆ ಫ್ಯಾನಿನ ಗುಡುಗು ಕಡಿಮೆಯಾಗುತ್ತದೆ. ಮಲ್ಪೆ ಬೀಚಿನಲ್ಲಿ ಗಾಳಿಗೆ ಎದುರಾಗಿ ಮಾತಾಡಿಸಿ ತಂದದ್ದಕ್ಕೆ ಮಾತ್ರ ಯಾವ ಫಿಲ್ಟರೂ ಮದ್ದಲ್ಲ. ಅದನ್ನು ಮನೆಗೆ ಬಂದು ಮತ್ತೆ ಮಾತಾಡಿಸಿ.

ಸಂಗೀತ ಬೇಕೇ ಬೇಕು ಅಂತಿಲ್ಲ. ನೀರುದೋಸೆಗೆ ನಾನಾದರೆ ಹಾಕುವುದಿಲ್ಲ. ಹಾಕುವುದಾದರೆ ಯೂಟ್ಯೂಬ್ ಆಡಿಯೋ ಲೈಬ್ರರಿಯಿಂದ ತೆಗೆದುಕೊಳ್ಳಿ, ಮಾತು ಬಂದಾಗ ಚೆನ್ನಾಗಿ ಕೆಳಗಿಳಿಸಿ. ಸಿನಿಮಾ ಹಾಡು ಹಾಕಿದರೆ ಯೂಟ್ಯೂಬಿನಲ್ಲಿ ಬೇರೆಯವರ ಹಕ್ಕಿನ ಹಾಡನ್ನು ಪತ್ತೆ ಮಾಡುವ ಕಂಟೆಂಟ್ ಐಡಿ ಹಿಡಿಯುತ್ತದೆ.

ನಡುವೆ ಒಂದು ಮಾತು. ಅಷ್ಟಮಿಗೆ ಹುಲಿವೇಷ ಶೂಟ್ ಮಾಡಿದವರು ಅದರ ಜೊತೆ ಬಾರಿಸುವ ತಾಸೆ ವಾದ್ಯದ ಪೆಟ್ಟಿಗೆ ಸರಿಯಾಗಿ ಕತ್ತರಿಸುವುದನ್ನು ಕಲಿಯಿರಿ, ಅದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. ಪ್ಲೇ ಮಾಡುತ್ತಾ ಪೆಟ್ಟು ಬಿದ್ದಲ್ಲೆಲ್ಲ ಎಂ ಒತ್ತಿ ಗುರುತು ಹಾಕಿಕೊಳ್ಳಿ. ಆದರೆ ಪ್ರತಿ ಪೆಟ್ಟಿಗೂ ಕತ್ತರಿಸಬೇಡಿ, ತಲೆನೋವು ಬರುತ್ತದೆ. ನಾಲ್ಕಕ್ಕೊಂದು, ಒಮ್ಮೆ ಎಂಟಕ್ಕೊಂದು. ಯಕ್ಷಗಾನ ಎರಡು ಕ್ಯಾಮೆರಾದಲ್ಲಿ ತೆಗೆದರೆ ಎರಡನ್ನೂ ಹೊಂದಿಸಲು ಚಪ್ಪಾಳೆ ತಟ್ಟಬೇಕಾಗಿಯೇ ಇಲ್ಲ, ಚೆಂಡೆಯ ಒಂದು ಪೆಟ್ಟು ಆಡಿಯೋ ಅಲೆಯಲ್ಲಿ ಮೊಳೆ ಹೊಡೆದ ಹಾಗೆ ನೆಟ್ಟಗೆ ನಿಂತಿರುತ್ತದೆ, ಎರಡು ಮೊಳೆ ಒಂದರ ಕೆಳಗೆ ಒಂದು ಬಂದರೆ ಆಯಿತು. ಹಾಕುವ ಮೊದಲು ಮೇಳದವರ ಒಪ್ಪಿಗೆ ಕೇಳಿ. ದೈವದ ಕೋಲದಲ್ಲಂತೂ ಕ್ಯಾಮೆರಾ ಎತ್ತುವ ಮೊದಲೇ ಕೇಳಿ, ಹಲವು ಕಡೆ ಬೇಡ ಅನ್ನುತ್ತಾರೆ, ಬೇಡ ಅಂದರೆ ಬೇಡ.

ಬಣ್ಣ, ಅಕ್ಷರ

ಬಣ್ಣಕ್ಕೆ ಸದ್ಯ ಎರಡೇ ಕೆಲಸ. ಬಿಳಿ ಬಿಳಿಯಾಗಿ ಕಾಣಬೇಕು, ಒಂದು ಶಾಟಿನಿಂದ ಇನ್ನೊಂದಕ್ಕೆ ಹೋದಾಗ ಅಡುಗೆಮನೆ ಬಣ್ಣ ಬದಲಿಸಬಾರದು. ನೀರುದೋಸೆಯಲ್ಲಿ ಇದು ಸುಲಭ, ಅಳತೆಗೋಲು ಕಾವಲಿಯ ಮೇಲೆಯೇ ಇದೆ. ದೋಸೆ ಹಳದಿ ಕಂಡರೆ ವೈಟ್ ಬ್ಯಾಲೆನ್ಸ್ ಸ್ವಲ್ಪ ನೀಲಿ ಕಡೆಗೆ. ಒಂದು ಶಾಟ್ ಸರಿಮಾಡಿ ಉಳಿದವನ್ನು ಅದಕ್ಕೆ ಹೊಂದಿಸಿ.

ಕನ್ನಡ ಟೈಟಲ್ ಬೇರೆಯೇ ಕಥೆ. ಕೆಲವು ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದು ಹೋಗುತ್ತದೆ. 'ಶ್ರೀಕೃಷ್ಣ', 'ರಾಷ್ಟ್ರ', 'ಅರ್ಘ್ಯ' ಅಂತ ಟೈಪ್ ಮಾಡಿ ನೋಡಿ, ಮೂರೂ ಸರಿ ಬಂದರೆ ಚಿಂತೆ ಇಲ್ಲ. ಫಾಂಟ್ ಯೂನಿಕೋಡ್‌ನದ್ದೇ ಇರಲಿ, ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಉಚಿತವಾಗಿ ಸಿಗುತ್ತವೆ. ಪ್ರೀಮಿಯರ್‌ನಲ್ಲಿ ಒಡೆದರೆ ಪ್ರಿಫರೆನ್ಸಿನಲ್ಲಿ ಟೆಕ್ಸ್ಟ್ ಎಂಜಿನ್‌ ಅನ್ನು ದಕ್ಷಿಣ ಏಷ್ಯಾದ ಭಾಷೆಗಳದ್ದಕ್ಕೆ ಬದಲಿಸಿ. ಏನು ಮಾಡಿದರೂ ಸರಿಯಾಗದಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ, ಚಿತ್ರದ ಹಾಗೆ ಮೇಲಿನ ಟ್ರ್ಯಾಕಿಗೆ ಹಾಕಿ. ಎರಡು ಸಲ ನಿಧಾನಕ್ಕೆ ಓದುವಷ್ಟು ಹೊತ್ತು ಟೈಟಲ್ ಇರಲಿ.

ಹೊರಗೆ ತೆಗೆಯುವುದು

ಡೆಲಿವರ್ ಪುಟಕ್ಕೆ ಹೋಗಿ. ಎಂಪಿ4, ಎಚ್.264, 1920×1080, ಫ್ರೇಮ್‌ರೇಟ್ ಟೈಮ್‌ಲೈನಿನದ್ದೇ, ಬಿಟ್‌ರೇಟ್ ಸೆಕೆಂಡಿಗೆ 10 ಮೆಗಾಬಿಟ್, ಆಡಿಯೋ 48 ಕಿಲೋಹರ್ಟ್ಸ್. ಮೂರು ನಿಮಿಷಕ್ಕೆ ಸುಮಾರು 225 ಎಂಬಿ ಬರುತ್ತದೆ. ಮನೆಯವರಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಹಾಗಾದರೆ ಹಿಂಡುವುದಿಲ್ಲ.

ಬಂದ ಫೈಲನ್ನು ಮೊದಲಿಂದ ಕೊನೆಯವರೆಗೆ ಮೂರು ಕಡೆ ಕೇಳಿ: ಹೆಡ್‌ಫೋನಿನಲ್ಲಿ, ಫೋನಿನ ಸ್ಪೀಕರಿನಲ್ಲಿ, ಟಿವಿಯಲ್ಲಿ. ಹೆಡ್‌ಫೋನಿನಲ್ಲಿ ಸೊಗಸಾಗಿದ್ದ ಮಳೆ ಫೋನಿನಲ್ಲಿ ಕೇಳಿದರೆ ಬರೀ ಕರಕರ ಆಗಿ ಮಾತನ್ನು ನುಂಗಿರುತ್ತದೆ. ನನ್ನ ಮೊದಲ ನೀರುದೋಸೆಯನ್ನು ಅಮ್ಮನಿಗೆ ಟಿವಿಯಲ್ಲಿ ತೋರಿಸಿದಾಗ ಅವರು ಹೇಳಿದ್ದು, "ನಾನು ಹೇಳಿದ್ದು ಎಂತ ಅಂತಲೇ ಕೇಳುವುದಿಲ್ಲ, ಮಳೆ ಮಾತ್ರ ಬರ್ತಾ ಉಂಟು." ಮಳೆಯನ್ನು 6 ಡೆಸಿಬೆಲ್ ಇಳಿಸಿ ಮತ್ತೆ ತೆಗೆದೆ.

ಒಂದು ವಾರ ಅದನ್ನು ಮುಟ್ಟಬೇಡಿ. ಎಂಟನೇ ದಿನ ಪ್ರಾಜೆಕ್ಟ್ ತೆರೆದು, ಟೈಮ್‌ಲೈನಿನ ಒಂದು ನಕಲು ಮಾಡಿಕೊಂಡು, ಆ ಮೂರು ನಿಮಿಷವನ್ನು ಒಂದು ನಿಮಿಷಕ್ಕೆ ಇಳಿಸಿ. ಚೊಂಯ್ ಮಾತ್ರ ತೆಗೆಯಬೇಡಿ.